ಭಾರತ್‌ನೆಟ್‌ಗೆ 1.39 ಲಕ್ಷ ಕೋಟಿ: ಖರ್ಚು ಜಾಸ್ತಿ ಆಯ್ತಾ, ಲೆಕ್ಕ ಹಾಕುವ ರೀತಿಯೇ ತಪ್ಪಾ?

ಅಡಿಕೆಸೀಮೆ ಬರೆದದ್ದು:

ನಮ್ಮ ಪಂಚಾಯಿತಿ ಆಫೀಸಿನ ಒಳಕೋಣೆಯಲ್ಲಿ, ಹಳೆ ಬೀರುವಿನ ಪಕ್ಕ, ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಒಳಗೆ ಅಂಗೈಯಗಲದ ಒಂದು ಡಬ್ಬಿ. ಅದರಲ್ಲಿ ಹಸಿರು ಲೈಟು ಉರಿದರೆ ನೆಟ್ ಇದೆ. ಕೆಂಪು ಮಿನುಗಿದರೆ ದಾರಿಯಲ್ಲಿ ಎಲ್ಲೋ ಫೈಬರ್ ತುಂಡಾಗಿದೆ.

ಹೋದ ಮಳೆಗಾಲದಲ್ಲಿ ಅದು ಒಂದು ತಿಂಗಳ ಮೇಲೆ ಕೆಂಪಾಗಿಯೇ ಇತ್ತು. ನಾನು ಮನೆಯ ಇ-ಸ್ವತ್ತು ನಮೂನೆಗೆ ಅಂತ ನಾಲ್ಕು ಸಲ ಹೋಗಿದ್ದೆ. ಕೊನೆಗೆ ಆಪರೇಟರ್ ಹುಡುಗಿ ತನ್ನ ಸ್ವಂತ ಮೊಬೈಲ್ ತೆಗೆದುಕೊಂಡು ಕಿಟಕಿ ಸರಳಿಗೆ ಕಟ್ಟಿದಳು. ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಆ ಹಾಟ್‌ಸ್ಪಾಟ್‌ನಲ್ಲೇ ನನ್ನ ಕೆಲಸ ಆಯಿತು. ಡೇಟಾ ದುಡ್ಡು ಅವಳದ್ದೇ.

ಈಗ ವಿಷಯಕ್ಕೆ ಬರುತ್ತೇನೆ. ಪಂಚಾಯಿತಿಗಳಿಗೆ ಫೈಬರ್ ಕೇಬಲ್ ಎಳೆದು ನೆಟ್ ಕೊಡುವ ಈ ಭಾರತ್‌ನೆಟ್ ಯೋಜನೆಯ ಖರ್ಚಿನ ಬಗ್ಗೆ ಪಾರ್ಟಿಗಳ ಜಗಳ ಹತ್ತು ವರ್ಷದಿಂದ ಕೇಳುತ್ತಿದ್ದೇವೆ. 2011ರ ಅಕ್ಟೋಬರ್‌ನಲ್ಲಿ ಯುಪಿಎ ಸರ್ಕಾರ ಎನ್‌ಒಎಫ್‌ಎನ್ (ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ) ಅಂತ ಶುರು ಮಾಡಿದಾಗ ಹೇಳಿದ್ದು ಸುಮಾರು 20 ಸಾವಿರ ಕೋಟಿ, ಎರಡು ವರ್ಷದಲ್ಲಿ 2.5 ಲಕ್ಷ ಪಂಚಾಯಿತಿ. 2015ರ ತಜ್ಞರ ಸಮಿತಿ 72,778 ಕೋಟಿ ಬೇಕು ಅಂದಿತು. ಹೆಸರು ಭಾರತ್‌ನೆಟ್ ಆಯಿತು. 2017ರಲ್ಲಿ ಸಂಪುಟ ಒಪ್ಪಿದ್ದು 42,068 ಕೋಟಿ. 2023ರ ಆಗಸ್ಟ್‌ನಲ್ಲಿ ಒಪ್ಪಿದ್ದು 1,39,579 ಕೋಟಿ.

ಒಬ್ಬರು "ಏಳು ಪಟ್ಟು ಆಯಿತು, ದುಡ್ಡು ಎಲ್ಲಿ ಹೋಯಿತು" ಅಂತಾರೆ. ಇನ್ನೊಬ್ಬರು "ನಿಮ್ಮ ಕಾಲದಲ್ಲಿ ಏನೂ ಆಗಿರಲಿಲ್ಲ" ಅಂತಾರೆ. ಕೇಬಲ್ ಹಾಕಿದ ಮೇಲೆ ಅದನ್ನು ನೋಡಿಕೊಳ್ಳಲು ಎಷ್ಟು ಇಟ್ಟಿದ್ದರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ನಾವು ಸೋತಿರುವುದು ಅಲ್ಲೇ. ತಿಳಿದವರು ಹೇಳಿ.

---

ನಿವೃತ್ತಮೇಷ್ಟ್ರು ಬರೆದದ್ದು:

ತಂಗೀ, ನಿನ್ನ ಕಷ್ಟ ಅರ್ಥವಾಗುತ್ತದೆ. ಆದರೆ 1,39,579 ಕೋಟಿ ಸಣ್ಣ ಮೊತ್ತ ಅಲ್ಲ. 2.64 ಲಕ್ಷ ಪಂಚಾಯಿತಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 53 ಲಕ್ಷ ಬೀಳುತ್ತದೆ. ನಾನು ಮೂವತ್ತು ವರ್ಷ ಪಾಠ ಮಾಡಿದ ಶಾಲೆಗೆ ಒಂದು ಕೋಣೆ ಕಟ್ಟಿಸಲು ಎಷ್ಟು ಅಲೆದಿದ್ದೇನೆ ಅಂತ ನನಗೆ ಗೊತ್ತು. 53 ಲಕ್ಷ ಒಂದು ಊರಿಗೆ ಸಿಕ್ಕರೆ ಏನೇನು ಮಾಡಬಹುದು ಯೋಚಿಸಿ.

ಇನ್ನೊಂದು ಮಾತು. 2011ರಲ್ಲಿ ಹಳ್ಳಿಯಲ್ಲಿ ನೆಟ್ ಅಂದರೆ ಏನೂ ಇರಲಿಲ್ಲ, ಒಪ್ಪುತ್ತೇನೆ. 2016ರ ನಂತರ 4ಜಿ ಬಂತು, ಡೇಟಾ ಅಗ್ಗ ಆಯಿತು. ದನ ಮೇಯಿಸುವವರ ಕೈಯಲ್ಲೂ ಯೂಟ್ಯೂಬ್ ಇದೆ. ಹಾಗಿರುವಾಗ ನೆಲ ಅಗೆದು ಫೈಬರ್ ಹಾಕುವ ಅಗತ್ಯ ಮೊದಲಿನಷ್ಟೇ ಇದೆಯಾ? ಇದು ಸರ್ಕಾರ ಯಾವ ಪಾರ್ಟಿಯದ್ದಾದರೂ ಕೇಳಬೇಕಾದ ಪ್ರಶ್ನೆ.

---

ಸ್ಪ್ಲೈಸಿಂಗ್‌ಕೆಲಸ ಬರೆದದ್ದು:

ಮೇಷ್ಟ್ರೇ, ನಮಸ್ಕಾರ. ನಾನು ಫೈಬರ್ ಜಾಯಿಂಟ್ ಮಾಡುವ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೊದಲು ಮೊಬೈಲ್ ವಿಷಯ ಹೇಳುತ್ತೇನೆ. ಟವರ್‌ನಿಂದ ನಿಮ್ಮ ಫೋನ್‌ಗೆ ಮಾತ್ರ ಗಾಳಿಯಲ್ಲಿ ಬರುವುದು. ಟವರ್‌ಗೆ ನೆಟ್ ಎಲ್ಲಿಂದ ಬರಬೇಕು? ಒಂದೋ ಮೈಕ್ರೋವೇವ್ ಡಿಶ್, ಇಲ್ಲಾ ಫೈಬರ್. ಡಿಶ್ ಮೇಲೆ ನಡೆಯುವ ಟವರ್‌ಗೆ ಸಂಜೆ ಏಳು ಗಂಟೆಗೆ ಊರೆಲ್ಲ ಕೂತರೆ ಉಸಿರು ಕಟ್ಟುತ್ತದೆ. ಫೈಬರ್ ಬಂದ ಟವರ್ ತಡೆದುಕೊಳ್ಳುತ್ತದೆ. ಹಾಗಾಗಿ ಮೊಬೈಲ್ ಇದೆ, ಫೈಬರ್ ಬೇಡ ಅನ್ನುವುದು, ನಲ್ಲಿ ಇದೆ, ಪೈಪ್ ಬೇಡ ಅಂದ ಹಾಗೆ.

ಈಗ ಅಕ್ಕ ಕೇಳಿದ ಪ್ರಶ್ನೆಗೆ. ಮೊದಲ ಹಂತದಲ್ಲಿ ದುಡ್ಡು ಉಳಿಸಲು ಒಂದು ದಾರಿ ಹಿಡಿದರು. ತಾಲ್ಲೂಕಿನಿಂದ ಪಂಚಾಯಿತಿವರೆಗೆ ಪೂರ್ತಿ ಹೊಸ ಕೇಬಲ್ ಹಾಕಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಅಂತ ಮೊದಲೇ ಹಾಕಿದ್ದ ಹಳೆ ಫೈಬರ್ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಅದನ್ನೇ ಬಳಸಿ, ಉಳಿದ ದೂರಕ್ಕೆ ಮಾತ್ರ ಹೊಸದು ಸೇರಿಸಿದರು. ಕಾಗದದ ಮೇಲೆ ಒಳ್ಳೆಯ ಉಳಿತಾಯ. ಆದರೆ ಎಷ್ಟೋ ಹಳೆ ಕೇಬಲ್‌ನಲ್ಲಿ ಆಗಲೇ ಸಿಕ್ಕಾಪಟ್ಟೆ ಜಾಯಿಂಟ್.

ಜಾಯಿಂಟ್ ಅಂದರೆ ಏನು ಅಂತ ಹೇಳುತ್ತೇನೆ. ಒಳಗಿನ ಗಾಜಿನ ಎಳೆ ತಲೆಕೂದಲಷ್ಟು ಸಣ್ಣ. ಎರಡು ತುದಿಯನ್ನೂ ಸುಲಿದು, ಸ್ಪಿರಿಟ್ ಹಾಕಿ ಒರೆಸಿ, ನೇರ ಕತ್ತರಿಸಿ, ಮೆಷಿನ್‌ನಲ್ಲಿ ಇಡಬೇಕು. ಕಿಡಿ ಹಾರಿ ಎರಡೂ ಕರಗಿ ಒಂದಾಗುತ್ತವೆ. ಕೇಬಲ್‌ನಲ್ಲಿ 24 ಎಳೆ ಇದ್ದರೆ 24 ಸಲ ಇದನ್ನೇ ಮಾಡಬೇಕು. ಮಳೆಯಲ್ಲಿ ಟಾರ್ಪಾಲಿನ್ ಕಟ್ಟಿಕೊಂಡು, ಗುಂಡಿಯಲ್ಲಿ ಕೂತು, ಕೈ ನಡುಗದ ಹಾಗೆ. ಎಷ್ಟೇ ಚೆನ್ನಾಗಿ ಮಾಡಿದರೂ ಪ್ರತಿ ಜಾಯಿಂಟ್‌ನಲ್ಲಿ ಬೆಳಕು ಸ್ವಲ್ಪ ಸ್ವಲ್ಪ ಸೋರುತ್ತದೆ. ಹತ್ತು ಸಲ ಜೆಸಿಬಿ ಕಿತ್ತು ಹತ್ತು ಸಲ ಸೇರಿಸಿದ ಕೇಬಲ್‌ನ ತುದಿಗೆ ಬರುವ ಬೆಳಕು ಸಾಲುವುದಿಲ್ಲ. ಆಗ ನಿಮ್ಮ ಡಬ್ಬಿ ಕೆಂಪು ಮಿನುಗುತ್ತದೆ. ಅದಕ್ಕೆ ಸರಿಯಾದ ಮದ್ದು ಅಷ್ಟೂ ದೂರ ಹೊಸ ಕೇಬಲ್ ಎಳೆಯುವುದು. ಅದಕ್ಕೆ ಹಣ ಯಾವ ತಲೆಬರಹದಲ್ಲಿ? ಯಾವುದರಲ್ಲೂ ಇರಲಿಲ್ಲ. ನಾವು ಮತ್ತೊಂದು ಜಾಯಿಂಟ್ ಹಾಕಿ ಬರುತ್ತಿದ್ದೆವು.

---

ಬಯಲುಸೀಮೆ77 ಬರೆದದ್ದು:

ಇದೆಲ್ಲ ಸರಿ. ಆದರೆ ನೇರ ಹೇಳಿ. 2014ರ ಮೇ ತಿಂಗಳವರೆಗೆ ದೇಶಪೂರ್ತಿ ಹಾಕಿದ್ದು ಬರೀ 358 ಕಿ.ಮೀ. ಕೇಬಲ್ ಅಂತ ಸರ್ಕಾರವೇ ಹೇಳಿದೆ. 2017ರ ಡಿಸೆಂಬರ್‌ಗೆ 1 ಲಕ್ಷ ಪಂಚಾಯಿತಿ ಮುಗಿಯಿತು. ಈಗ 2 ಲಕ್ಷ ದಾಟಿದೆ. ಕೆಲಸ ಮಾಡಿದವರು ಯಾರು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

---

ತುಂಗೆತೀರ ಬರೆದದ್ದು:

ಬಯಲುಸೀಮೆಯವರೇ, ಆ 2 ಲಕ್ಷ "ಸರ್ವಿಸ್ ರೆಡಿ" ಪಂಚಾಯಿತಿಗಳು. ಆ ಪದ ಗಮನಿಸಿ. ಕೇಬಲ್ ಮುಟ್ಟಿ, ಡಬ್ಬಿ ಕೂತು, ಒಂದು ದಿನ ಪರೀಕ್ಷೆ ಪಾಸಾದರೆ ರೆಡಿ. ಇವತ್ತು ನಡೆಯುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ.

ಗಡುವಿನ ವಿಷಯವೂ ಹೇಳಿ. 2019ರ ಮಾರ್ಚ್‌ಗೆ ಎಲ್ಲ ಪಂಚಾಯಿತಿ ಅಂದಿದ್ದರು. 2020ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ 1,000 ದಿನದಲ್ಲಿ 6 ಲಕ್ಷ ಹಳ್ಳಿಗೆ ಫೈಬರ್ ಅಂದರು. 2021ರ ಜೂನ್‌ನಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಿಗೆ ಖಾಸಗಿ ಪಾಲುದಾರಿಕೆ ಅಂತ ತಂದು, 19,041 ಕೋಟಿ ನೆರವು ಕೊಡುತ್ತೇವೆ ಅಂದರು. ಟೆಂಡರ್‌ಗೆ ಯಾವ ಕಂಪನಿಯೂ ಬರಲಿಲ್ಲ. ಆ ಎರಡು ವರ್ಷ ಹಾಗೇ ಹೋಯಿತು. 1,000 ದಿನ ಎಂದೋ ಮುಗಿಯಿತು.

---

ಬಯಲುಸೀಮೆ77 ಬರೆದದ್ದು:

ಟೆಂಡರ್‌ಗೆ ಕಂಪನಿ ಬಾರದಿದ್ದರೆ ಅದು ಸರ್ಕಾರದ ತಪ್ಪಾ? ಹಳ್ಳಿಯಲ್ಲಿ ಲಾಭ ಇಲ್ಲ ಅಂತ ಅವರು ಬರಲಿಲ್ಲ. ಅದಕ್ಕೇ ಈಗ ಸರ್ಕಾರವೇ ಪೂರ್ತಿ ದುಡ್ಡು ಹಾಕುತ್ತಿದೆ. ಅದನ್ನೂ ಬೈದರೆ ಹೇಗೆ?

---

ಅಡಿಕೆಸೀಮೆ ಬರೆದದ್ದು:

ಇಬ್ಬರಿಗೂ ಕೈ ಮುಗಿದು ಕೇಳುತ್ತೇನೆ, ಇದನ್ನು ಯುಪಿಎ-ಎನ್‌ಡಿಎ ಮಾಡಬೇಡಿ. ನಿಮ್ಮಿಬ್ಬರ ಮಾತಿನಲ್ಲೂ ನಿಜ ಇದೆ. ಮೊದಲಿನವರು ಮಾಡಿದ ಅಂದಾಜು ತೀರಾ ಕಡಿಮೆ. 20 ಸಾವಿರ ಕೋಟಿಯನ್ನು 2.5 ಲಕ್ಷಕ್ಕೆ ಭಾಗಿಸಿ, ಪಂಚಾಯಿತಿಗೆ 8 ಲಕ್ಷ. ಅದರಲ್ಲಿ ಮಲೆನಾಡಿನ ಘಟ್ಟದಲ್ಲಿ ಐದಡಿಗಿಂತ ಆಳ ಅಗೆದು ಕೇಬಲ್ ಹಾಕಿ, ಅದನ್ನು ಸಾಕಲೂ ಆಗುತ್ತದಾ? ಆಮೇಲಿನವರು ಕಿಲೋಮೀಟರ್ ಎಣಿಸಿದರು. ಎಣಿಸಿ ಮುಗಿದ ಕೇಬಲ್ ಕಡೆ ತಿರುಗಿ ನೋಡಲಿಲ್ಲ.

ಮೇಷ್ಟ್ರೇ, ನಿಮ್ಮ 53 ಲಕ್ಷದ ಲೆಕ್ಕ ಸರಿ. ಆದರೆ 2011ರ 8 ಲಕ್ಷಕ್ಕೂ ಈಗಿನ 53 ಲಕ್ಷಕ್ಕೂ ಸುಮ್ನೆ ಹೋಲಿಸಲು ಬರುವುದಿಲ್ಲ. ಮೊದಲನೆಯದರಲ್ಲಿ ಇದ್ದದ್ದು ಪಂಚಾಯಿತಿ ಬಾಗಿಲವರೆಗೆ ಕೇಬಲ್. ಈಗಿನದರಲ್ಲಿ ಹಳೆ ಜಾಲದ ರಿಪೇರಿ ಇದೆ. ಇನ್ನೂ ಸೇರದ ಸುಮಾರು 42 ಸಾವಿರ ಪಂಚಾಯಿತಿ ಇವೆ. ಬೇಡಿಕೆ ಬಂದರೆ 3.84 ಲಕ್ಷ ಹಳ್ಳಿಗೆ ವಿಸ್ತರಣೆ ಇದೆ, ಐದು ವರ್ಷದಲ್ಲಿ 1.5 ಕೋಟಿ ಮನೆಗೆ ಸಂಪರ್ಕ ಇದೆ. ಎಲ್ಲಕ್ಕಿಂತ ಮುಖ್ಯ, 10 ವರ್ಷದ ನಿರ್ವಹಣೆ ಅದೇ ಮೊತ್ತದಲ್ಲಿದೆ. ನಮ್ಮಲ್ಲಿ ಅಡಿಕೆ ಸಸಿ ತಂದು ನೆಟ್ಟ ಖರ್ಚೇ ಬೇರೆ, ಫಸಲು ಬರುವವರೆಗೆ ತೋಟ ಸಾಕುವ ಖರ್ಚೇ ಬೇರೆ. ಬರೀ ಸಸಿ ದುಡ್ಡು ಬರೆದುಕೊಂಡು ತೋಟ ಮಾಡಲು ಹೊರಟರೆ ಮೂರನೇ ಬೇಸಿಗೆಗೆ ಎಲ್ಲ ಒಣಗುತ್ತದೆ. ಇಲ್ಲಿ ಆಗಿದ್ದೂ ಅದೇ.

---

ಮೆಲ್ಬರ್ನ್‌ಕನ್ನಡಿಗ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮೂಲ ಹಾಸನದ ಕಡೆ, ಹದಿನಾರು ವರ್ಷದಿಂದ ಇಲ್ಲಿದ್ದೇನೆ. ಈ ಚರ್ಚೆ ಓದುತ್ತಾ ಇಲ್ಲಿ ಆಸ್ಟ್ರೇಲಿಯಾದ ಎನ್‌ಬಿಎನ್ (ಸರ್ಕಾರದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲ) ಕಥೆಯೇ ಕಣ್ಣ ಮುಂದೆ ಬಂತು. ಅದರಿಂದ ನಾವು ಕಲಿಯುವುದು ಬಹಳ ಇದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

2009ರ ಏಪ್ರಿಲ್‌ನಲ್ಲಿ ಕೆವಿನ್ ರಡ್ ಅವರ ಲೇಬರ್ ಸರ್ಕಾರ 43 ಬಿಲಿಯನ್ ಡಾಲರ್‌ವರೆಗೆ ಖರ್ಚು ಮಾಡಿ ದೇಶದ 90 ಪರ್ಸೆಂಟ್ ಮನೆ, ಅಂಗಡಿ, ಶಾಲೆಗಳಿಗೆ ನೇರ ಫೈಬರ್ ಕೊಡುತ್ತೇವೆ ಅಂತ ಘೋಷಿಸಿತು. ಆಮೇಲೆ ಅದನ್ನು 93 ಪರ್ಸೆಂಟ್‌ಗೆ ಏರಿಸಿದರು. ಉಳಿದವರಿಗೆ ವೈರ್‌ಲೆಸ್ ಮತ್ತು ಉಪಗ್ರಹ. ವಿರೋಧ ಪಕ್ಷ ಇದನ್ನು ದುಂದುವೆಚ್ಚ ಅಂದಿತು. 2013ರಲ್ಲಿ ಆ ಪಕ್ಷದ ಟೋನಿ ಅಬಾಟ್, ಮಾಲ್ಕಮ್ ಟರ್ನ್‌ಬುಲ್ ಇಬ್ಬರೂ ನಿಂತು, ನಾವು 29.5 ಬಿಲಿಯನ್‌ನಲ್ಲಿ, ಬೇಗ ಮುಗಿಸುತ್ತೇವೆ ಅಂದರು. ಹೇಗೆ? ಬೀದಿ ಮೂಲೆಯ ಹಸಿರು ಪೆಟ್ಟಿಗೆವರೆಗೆ ಮಾತ್ರ ಫೈಬರ್. ಅಲ್ಲಿಂದ ಮನೆಗೆ ಹಳೆಯ ಟೆಲಿಫೋನ್ ತಾಮ್ರದ ತಂತಿ. ಲೇಬರ್ ಯೋಜನೆಗೆ 94 ಬಿಲಿಯನ್ ಆಗುತ್ತದೆ ಅಂತಲೂ ಹೆದರಿಸಿದರು. ಚುನಾವಣೆ ಗೆದ್ದರು.

ಗೆದ್ದು ಮೂರು ತಿಂಗಳಲ್ಲೇ, ಅದೇ ವರ್ಷದ ಡಿಸೆಂಬರ್‌ನಲ್ಲಿ, ಅವರದೇ ಪರಿಶೀಲನೆಯಲ್ಲಿ 29.5 ಹೋಗಿ 41 ಬಿಲಿಯನ್ ಆಯಿತು. 2015ರಲ್ಲಿ 46ರಿಂದ 56 ಬಿಲಿಯನ್ ಅಂದರು. 2018ರಲ್ಲಿ 51 ಅಂದರು. ಹಳೆ ತಂತಿಯನ್ನೇ ಬಳಸುವ ಯೋಜನೆಗೆ 1,800 ಕಿ.ಮೀ. ಹೊಸ ತಾಮ್ರ ಕೊಂಡ ವಿಷಯ ಸೆನೆಟ್‌ನಲ್ಲಿ ಹೊರಬಂತು.

2020ರ ಸೆಪ್ಟೆಂಬರ್‌ನಲ್ಲಿ ಅದೇ ಪಕ್ಷದ ಸರ್ಕಾರ ತಾಮ್ರದ ಮೇಲಿದ್ದ ಎಷ್ಟೋ ಮನೆಗಳಿಗೆ, ಕೇಳಿದರೆ ಫೈಬರ್ ಕೊಡುತ್ತೇವೆ ಅಂತ ತಿರುಗಿತು. ಇಡೀ ಮೇಲ್ದರ್ಜೆಗೆ 4.5 ಬಿಲಿಯನ್. 2022ರಲ್ಲಿ ಮತ್ತೆ ಬಂದ ಲೇಬರ್ ಇನ್ನೂ 15 ಲಕ್ಷ ಕಟ್ಟಡಗಳಿಗೆ ಅಂತ 2.4 ಬಿಲಿಯನ್ ಹಾಕಿತು. 2025ರ ಜನವರಿಯಲ್ಲಿ, ಕೊನೆಗೆ ಉಳಿದ 6.22 ಲಕ್ಷಕ್ಕೆ 3 ಬಿಲಿಯನ್. ಮುಗಿಯುವುದು 2030ಕ್ಕೆ.

ಅಂದರೆ ಅದೇ ಬೀದಿಗೆ ಒಮ್ಮೆ ಪೆಟ್ಟಿಗೆ ಇಡಲು ಖರ್ಚು, ಮತ್ತೊಮ್ಮೆ ಪೆಟ್ಟಿಗೆ ಬಿಟ್ಟು ಫೈಬರ್ ಎಳೆಯಲು ಖರ್ಚು. 2014ರಲ್ಲಿ ಸರ್ಕಾರ ನೇಮಿಸಿದ ವರ್ಟಿಗನ್ ಸಮಿತಿಯ ವರದಿಯಲ್ಲಿ, 2023ಕ್ಕೂ ಮಧ್ಯಮ ಮಟ್ಟದ ಒಂದು ಮನೆಗೆ 15 ಎಂಬಿಪಿಎಸ್ ನೆಟ್ ವೇಗ ಸಾಕು ಅನ್ನುವ ಅಂದಾಜಿತ್ತು. ಕೋವಿಡ್‌ನಲ್ಲಿ ನಮ್ಮ ಮನೆಯಲ್ಲೇ ಇಬ್ಬರು ಮಕ್ಕಳ ಕ್ಲಾಸು, ನಮ್ಮಿಬ್ಬರ ಮೀಟಿಂಗು ಒಟ್ಟಿಗೆ ನಡೆಯುತ್ತಿದ್ದಾಗ ಆ 15ರ ಲೆಕ್ಕ ನೆನಪಾಗುತ್ತಿತ್ತು.

ಪಕ್ಕದ ನ್ಯೂಜಿಲೆಂಡ್ ಅದೇ ಕಾಲದಲ್ಲಿ ಶುರು ಮಾಡಿ, ಫೈಬರ್ ಬಿಟ್ಟು ಅತ್ತಿತ್ತ ಹೋಗದೆ, 2022ರ ಕೊನೆಗೆ 87 ಪರ್ಸೆಂಟ್ ಜನಕ್ಕೆ ಮುಟ್ಟಿಸಿತು. ಅಲ್ಲೂ ಪಕ್ಷಗಳು ಬದಲಾದವು. ಯೋಜನೆ ಬದಲಾಗಲಿಲ್ಲ. ಚಿಕ್ಕ ದೇಶ, ನಿಜ. ಆದರೂ ನನಗೆ ಅದು ದೊಡ್ಡ ವ್ಯತ್ಯಾಸವಾಗಿ ಕಾಣುತ್ತದೆ.

---

ನಿವೃತ್ತಮೇಷ್ಟ್ರು ಬರೆದದ್ದು:

ಮೆಲ್ಬರ್ನಿನವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ನನಗೆ ಇದು ಗೊತ್ತಿರಲಿಲ್ಲ. ಅಗ್ಗ ಅಂತ ಹೋಗಿ ಎರಡು ಸಲ ತೆತ್ತರು ಅಂತ ಅರ್ಥ ಮಾಡಿಕೊಂಡೆ. ನಿಲುವು ಸ್ವಲ್ಪ ಸಡಿಲ ಮಾಡುತ್ತೇನೆ. ಆದರೆ ಒಂದು ಕೇಳಲೇಬೇಕು. ಈ ದುಡ್ಡು ಎಲ್ಲಿಂದ ಬರುತ್ತದೆ? ಶಾಲೆ, ಆಸ್ಪತ್ರೆಯ ದುಡ್ಡಿಗೆ ಕತ್ತರಿ ಬೀಳುತ್ತದಾ?

---

ತುಂಗೆತೀರ ಬರೆದದ್ದು:

ಮೇಷ್ಟ್ರೇ, ಇದಕ್ಕೆ ಪ್ರತ್ಯೇಕ ನಿಧಿ ಇದೆ. 2002ರಲ್ಲಿ ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಶನ್ ಫಂಡ್ ಅಂತ ಶುರುವಾಯಿತು. ಟೆಲಿಕಾಂ ಕಂಪನಿಗಳು ತಮ್ಮ ಆದಾಯದಲ್ಲಿ 5 ಪರ್ಸೆಂಟ್ ಹಳ್ಳಿಗಳ ಸಂಪರ್ಕಕ್ಕೆ ಅಂತ ಕಟ್ಟುತ್ತವೆ. 2023ರ ಹೊಸ ಟೆಲಿಕಾಂ ಕಾಯ್ದೆಯ ನಂತರ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿ ಕಟ್ಟುತ್ತದೆ ಅಂದರೂ ಕೊನೆಗೆ ಅದು ನಾವು ಹಾಕುವ ರೀಚಾರ್ಜ್‌ನಿಂದಲೇ ಹೋಗುವುದು. ಅಂದರೆ ಹಳ್ಳಿಯ ಕೂಲಿ ಹೆಂಗಸು ಮೊಬೈಲ್‌ಗೆ ದುಡ್ಡು ಹಾಕಿದಾಗಲೂ ಅದರ ಒಂದು ಪಾಲು ಈ ನಿಧಿಗೆ ಸೇರುತ್ತದೆ.

ಬೇಸರದ ವಿಷಯ ಅಂದರೆ, ವರ್ಷಗಟ್ಟಲೆ ವಸೂಲಿ ಆದದ್ದರಲ್ಲಿ ಹತ್ತಾರು ಸಾವಿರ ಕೋಟಿ ಈ ಕೆಲಸಕ್ಕೆ ಬಳಕೆಯೇ ಆಗಲಿಲ್ಲ. ಒಂದು ಕಡೆ ಹಣ ಹೀಗೆ ಉಳಿದಿತ್ತು, ಇನ್ನೊಂದು ಕಡೆ ಸ್ಪ್ಲೈಸಿಂಗ್ ಅಣ್ಣ ಹೇಳಿದ ಹಾಗೆ ಹಳೆ ಕೇಬಲ್ ಬದಲಿಸಲು ದುಡ್ಡಿಲ್ಲ. ನನಗೆ ಕೋಪ ಬರುವುದು ಇಲ್ಲಿ.

---

ಕೇಬಲ್‌ಆಪರೇಟರ್‌_ಹೋಬಳಿ ಬರೆದದ್ದು:

ನಾನು ಇಪ್ಪತ್ತು ವರ್ಷದಿಂದ ಟಿವಿ ಕೇಬಲ್ ಕೊಡುತ್ತಿದ್ದೇನೆ, ಈಗ ಐದು ಹಳ್ಳಿಗೆ ಇಂಟರ್ನೆಟ್ ಕೂಡ. ನನ್ನ ಫೈಬರ್ ಕರೆಂಟ್ ಕಂಬದ ಮೇಲೆ ಹೋಗುತ್ತದೆ. ಕೇರಳದ ಕೆ-ಫೋನ್, ಆಂಧ್ರದ ಫೈಬರ್‌ನೆಟ್ ಎರಡೂ ಹೆಚ್ಚಾಗಿ ಕಂಬಗಳನ್ನೇ ಬಳಸಿದವು. ಅಗೆಯುವ ಖರ್ಚು ಇಲ್ಲ, ತುಂಡಾದರೆ ಕಣ್ಣಿಗೆ ಕಾಣುತ್ತದೆ. ಆದರೆ ಮಲೆನಾಡಿನಲ್ಲಿ ಒಂದು ಗಾಳಿ ಮಳೆಗೆ ಮರ ಬಿದ್ದು ಕಂಬದ ಜೊತೆ ಎಲ್ಲ ನೆಲಕ್ಕೆ ಬರುತ್ತದೆ. ಹಾಗಾಗಿ ಒಂದೇ ರೀತಿ ಎಲ್ಲ ಕಡೆ ನಡೆಯುವುದಿಲ್ಲ.

ನಾನು ಹೇಳಬೇಕಾದದ್ದು ಬೇರೆ. ನನ್ನ ಲೈನ್ ಕಟ್ ಆದರೆ ಎರಡು ಗಂಟೆಯೊಳಗೆ ನಾನೇ ಏಣಿ ಹಿಡಿದು ಹೋಗುತ್ತೇನೆ. ಯಾಕೆಂದರೆ ಹೋಗದಿದ್ದರೆ ಮುಂದಿನ ತಿಂಗಳು ದುಡ್ಡು ಬರುವುದಿಲ್ಲ. ಹಿತ್ತಿಲ ಬಾಗಿಲಿಗೆ ಬಂದು ಅಜ್ಜಿಯಂದಿರೂ ಕೇಳುತ್ತಾರೆ, "ಏನಪ್ಪಾ, ಮೊಮ್ಮಗಳ ಫೋನ್ ಬರಲಿಲ್ಲ" ಅಂತ. ಸರ್ಕಾರದ ಕೇಬಲ್ ಹಾಕಿದ ಗುತ್ತಿಗೆದಾರ ಬಿಲ್ ಪಾಸಾದ ಮೇಲೆ ಆ ಊರಿನ ದಾರಿಯನ್ನೇ ಮರೆಯುತ್ತಾನೆ. ಹಾಕುವವನೇ ಹತ್ತು ವರ್ಷ ನೋಡಿಕೊಳ್ಳಬೇಕು ಅನ್ನುವ ಈಗಿನ ಷರತ್ತು ನನಗೆ ಸರಿ ಅನ್ನಿಸುತ್ತದೆ. ಊರಿನಲ್ಲೇ ಇರುವ ನಮ್ಮಂಥವರಿಗೆ ಕೊನೆಯ ಭಾಗ ಕೊಟ್ಟರೆ ಇನ್ನೂ ಒಳ್ಳೆಯದು. ಉದ್ಯಮಿ ಅನ್ನುವ ಯೋಜನೆಯಲ್ಲಿ ಸ್ಥಳೀಯರಿಗೆ ಆದಾಯದ ಪಾಲು ಕೊಡುವ ಕ್ರಮ ಆಗಲೇ ಇದೆ. ಅದು ಬೆಳೆಯಬೇಕು.

---

ಸ್ಪ್ಲೈಸಿಂಗ್‌ಕೆಲಸ ಬರೆದದ್ದು:

ಕೇಬಲ್ ಅಣ್ಣನ ಮಾತು ನೂರಕ್ಕೆ ನೂರು ಸರಿ. ಹೊಸ ಯೋಜನೆಯಲ್ಲಿ ರಿಂಗ್ ಮಾಡುತ್ತಾರೆ ಅನ್ನುವುದೂ ನನಗೆ ಬಹಳ ಮುಖ್ಯ. ಹಳೆಯದು ಮರದ ಕೊಂಬೆಯ ಹಾಗೆ. ಬುಡದಲ್ಲಿ ಕಡಿದರೆ ಮೇಲಿನದೆಲ್ಲ ಸತ್ತಂತೆ. ರಿಂಗ್ ಆದರೆ ಒಂದು ಕಡೆ ತುಂಡಾದಾಗ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಕೇಬಲ್ ಜಾಸ್ತಿ ಬೇಕು, ಖರ್ಚು ಜಾಸ್ತಿ. ಆದರೆ ಆ ಖರ್ಚು ಬೇಕೇ ಬೇಕು.

ಮತ್ತೆ ಜೆಸಿಬಿ. ರಸ್ತೆ ಅಗಲ ಮಾಡುವವರು, ನೀರಿನ ಪೈಪ್ ಹಾಕುವವರು, ಯಾರೂ ಕೆಳಗೆ ಏನಿದೆ ಅಂತ ಕೇಳುವುದಿಲ್ಲ. ಹೀಗೆ ಅಗೆದು ದೇಶಕ್ಕೆ ವರ್ಷಕ್ಕೆ 3,000 ಕೋಟಿ ನಷ್ಟ ಅಂತ ಸರ್ಕಾರವೇ ಹೇಳಿ, 2023ರ ಮಾರ್ಚ್‌ನಲ್ಲಿ ಅಗೆಯುವ ಮುಂಚೆ ತಿಳಿಸುವ ಆಪ್ ಬಿಟ್ಟಿತು. ಒಳ್ಳೆಯ ಕೆಲಸ. ಆದರೆ ನಾನು ಸೈಟ್‌ನಲ್ಲಿ ಮಾತಾಡಿಸಿದ ಡ್ರೈವರ್‌ಗಳಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಸಿಕ್ಕಿಲ್ಲ. ಒಂದು ಸಲ ಮನೆಮನೆಗೆ ನೀರು ಕೊಡುವ ಪೈಪ್‌ಗೆ ಅಗೆಯುತ್ತಾ ಒಂದೇ ವಾರದಲ್ಲಿ ಒಂದೇ ಕೇಬಲ್ ಮೂರು ಕಡೆ ಕಿತ್ತರು. ನೀರೂ ಬೇಕು, ನೆಟ್ಟೂ ಬೇಕು. ಎರಡೂ ಒಂದೇ ಗುಂಡಿಯಲ್ಲಿ ಹೋಗಬಹುದಿತ್ತು.

---

ಹಿಂದೆ_ಪಿಡಿಒ ಬರೆದದ್ದು:

ನಾನು ಪಂಚಾಯಿತಿ ಕೆಲಸದಲ್ಲಿ ಇದ್ದವಳು. ಕೇಬಲ್ ಚೆನ್ನಾಗಿದ್ದೂ ನೆಟ್ ಇಲ್ಲದ ದಿನಗಳನ್ನು ನೋಡಿದ್ದೇನೆ. ಬ್ಯಾಟರಿ ಸತ್ತಿರುತ್ತದೆ. ಕರೆಂಟ್ ಹೋದ ಕೂಡಲೇ ಡಬ್ಬಿ ಆರುತ್ತದೆ. ಹೊಸ ಬ್ಯಾಟರಿ ಕೊಳ್ಳೋಣ ಅಂದರೆ ಅದು ಪಂಚಾಯಿತಿಯ ಸ್ವತ್ತಲ್ಲ, ಖರ್ಚು ಹಾಕಿದರೆ ಆಡಿಟ್‌ನಲ್ಲಿ ಆಕ್ಷೇಪಣೆ. ಸಂಬಂಧಪಟ್ಟವರಿಗೆ ಪತ್ರ ಬರೆದರೆ ಉತ್ತರ ಇಲ್ಲ. ಸಾವಿರಾರು ರೂಪಾಯಿಯ ಬ್ಯಾಟರಿಗೆ ಲಕ್ಷಾಂತರ ರೂಪಾಯಿಯ ಕೇಬಲ್ ಸುಮ್ಮನೆ ಬಿದ್ದಿತ್ತು. ಆ ಹೊತ್ತಿಗೆ ಹೊರಗೆ ಬೆಂಚಿನ ಮೇಲೆ ಜನ ಕೂತಿರುತ್ತಿದ್ದರು. ದಿನದ ಕೂಲಿ ಬಿಟ್ಟು ಬಂದವರು. ಅವರಿಗೆ ನಾಳೆ ಬನ್ನಿ ಅಂತ ಹೇಳುವುದು ನನ್ನ ಪಾಲಿಗೆ ಬರುತ್ತಿತ್ತು.

ಅಡಿಕೆಸೀಮೆ ತಂಗಿ, ಒಂದು ಸಲಹೆ. ನಿಮ್ಮ ಪಂಚಾಯಿತಿಯಲ್ಲಿ ಒಂದು ನೋಟ್‌ಬುಕ್ ಇಡಿಸಿ. ಯಾವ ದಿನ ಎಷ್ಟು ಹೊತ್ತಿಗೆ ಕೆಂಪಾಯಿತು, ಯಾವಾಗ ಹಸಿರಾಯಿತು, ಯಾರಿಗೆ ದೂರು ಕೊಟ್ಟಿರಿ, ಎಷ್ಟು ಜನ ವಾಪಸ್ ಹೋದರು. ಗ್ರಾಮಸಭೆಯಲ್ಲಿ ಅದನ್ನು ಓದಿ ನಡಾವಳಿಯಲ್ಲಿ ಬರೆಸಿ. ನಡಾವಳಿಗೆ ಬಂದ ವಿಷಯವನ್ನು ಮೇಲಿನವರು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

---

ಬಯಲುಸೀಮೆ77 ಬರೆದದ್ದು:

ಮೇಡಂ, ಇದು ನನಗೂ ಹೊಳೆದಿರಲಿಲ್ಲ. ನಮ್ಮ ಕಡೆಯೂ ಮಾಡಿಸುತ್ತೇನೆ. ತುಂಗೆತೀರ ಅವರೇ, ನಿಮ್ಮ ಪಂಚಾಯಿತಿಯದ್ದೂ ಬರೆಯಿರಿ. ಪಾರ್ಟಿ ಜಗಳ ಆಮೇಲೆ ಮುಂದುವರಿಸೋಣ.

---

ಅಡಿಕೆಸೀಮೆ ಬರೆದದ್ದು:

ಇವತ್ತು ಬೆಳಿಗ್ಗೆ ಹೋಗಿ ಆಪರೇಟರ್ ಹುಡುಗಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು ಬಂದೆ. ಪೆಟ್ಟಿಗೆ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗು ಹಾಕಿದ್ದಾಳೆ. ಮೊದಲ ಸಾಲು ಅವಳೇ ಬರೆದಳು: ಬೆಳಿಗ್ಗೆ 10.20, ಕೆಂಪು. ದೂರು ಕೊಟ್ಟಿದ್ದೇವೆ. ಗ್ರಾಮಸಭೆ ಮುಂದಿನ ತಿಂಗಳು ಇದೆ.